ಕ್ರೋಟನ್ ಗಿಡದ ಕಣ್ಣು

ನನಗೊಂದು ಕೆಟ್ಟ ಚಟವಿದೆ. ಎದುರಿಗೆ ಕುಳಿತವರ ಮುಖವನ್ನು ಮನಸ್ಸಿನಲ್ಲೇ ತಿದ್ದುತ್ತಿರುತ್ತೇನೆ. ಮೊನ್ನೆ ಹೂಟಗಳ್ಳಿಯ ಬಸ್ಸಿನಲ್ಲಿ ಅಡ್ಡ ಸೀಟಿನಲ್ಲಿ ಕುಳಿತಿದ್ದ ಹೆಂಗಸಿನ ಗಲ್ಲದ ಮೇಲಿನ ಎರಡು ಮೊಡವೆ ತೆಗೆದಿದ್ದೆ. ಕಣ್ಣಿನ ಕೆಳಗಿನ ಕಪ್ಪನ್ನು ಅರ್ಧಕ್ಕೆ ಇಳಿಸಿದ್ದೆ. ಇನ್ನೇನು ಕೆದರಿದ ಮುಂಗೂದಲಿಗೆ ಕೈ ಹಾಕಬೇಕು, ಅಷ್ಟರಲ್ಲಿ ಆಕೆ, "ಏನ್ರೀ, ಆಗ್ಲಿಂದ ನೋಡ್ತಾನೇ ಇದೀರಾ? ನನ್ ಮುಖದ ಮೇಲೆ ಏನಾದ್ರೂ ಇದ್ಯಾ?" ಎಂದು ಗದರಿಬಿಟ್ಟರು. ಇತ್ತು, ಈಗ ಇಲ್ಲ ಎಂದು ಹೇಳಲಾಗುತ್ತದೆಯೇ? ಕಿಟಕಿಯ ಕಡೆ ತಿರುಗಿ ಕುಳಿತೆ.

ತಪ್ಪು ನನ್ನದಲ್ಲ, ನಮ್ಮಪ್ಪನದು. ಅಪ್ಪ ಮೈಸೂರಿನ ನಾಲ್ಕೈದು ಫೋಟೊ ಸ್ಟುಡಿಯೋಗಳಿಗೆ ನೆಗೆಟಿವ್ ಟಚಿಂಗ್ ಮಾಡಿಕೊಡುತ್ತಿದ್ದರು. ಈಗಿನವರಿಗೆ ಅದೇನೆಂದು ಬಿಡಿಸಿ ಹೇಳಬೇಕಾಗುತ್ತದೆ. ಫೋಟೊ ತೆಗೆದಾದ ಮೇಲೆ, ಪ್ರಿಂಟು ಹಾಕುವ ಮೊದಲು, ನೆಗೆಟಿವ್ ಮೇಲೆಯೇ ಸೂಜಿಯಷ್ಟು ಚೂಪು ಮಾಡಿದ ಪೆನ್ಸಿಲ್ಲಿನಿಂದ ಮುಖದ ಕಲೆಗಳನ್ನು ತುಂಬುವ ಕೆಲಸ ಅದು. ಕಿಟಕಿಯ ಪಕ್ಕ ಒಂದು ಓರೆ ಮರದ ಪೆಟ್ಟಿಗೆ, ನಡುವೆ ಗಾಜು, ಕೆಳಗೆ ಕನ್ನಡಿ. ಕನ್ನಡಿಯ ಬೆಳಕು ನೆಗೆಟಿವ್ ತೂರಿಕೊಂಡು ಮೇಲೆ ಬರುತ್ತಿತ್ತು. ಅಪ್ಪ ಉಸಿರು ಬಿಗಿಹಿಡಿದು ಚುಕ್ಕಿ ಚುಕ್ಕಿ ಇಡುತ್ತಿದ್ದರು. ಆ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಒಗ್ಗರಣೆ ಹಾಕುವಂತಿರಲಿಲ್ಲ, ಸೀನು ಬಂದರೆ ಅಪ್ಪನ ಕೈ ಅಲುಗುತ್ತದಲ್ಲ!

ಐದು ವರ್ಷದವಳಿದ್ದಾಗ ಅಪ್ಪ ಇಲ್ಲದ ಸಮಯ ನೋಡಿ ಆ ಪೆಟ್ಟಿಗೆಯಲ್ಲಿ ಇಣುಕಿದೆ. ಅಲ್ಲಿದ್ದದ್ದು ಅಮ್ಮನ ನೆಗೆಟಿವ್. ಬಿಳಿ ಕೂದಲು, ಕಪ್ಪು ಮುಖ, ಕಪ್ಪು ಹಲ್ಲು ಬಿಟ್ಟುಕೊಂಡು ಅಮ್ಮ ನನ್ನನ್ನು ನೋಡಿ ನಗುತ್ತಿದ್ದಳು. ಕಿಟಾರನೆ ಕಿರುಚಿದವಳು ಎರಡು ದಿನ ಜ್ವರ ಬಂದು ಮಲಗಿದೆ. ಅಮ್ಮ ಗಂಜಿ ಕುಡಿಸಲು ಬಂದರೆ ಮೊದಲು ಹಲ್ಲು ತೋರಿಸು ಅನ್ನುತ್ತಿದ್ದೆನಂತೆ. ನಾನು ಬೆಚ್ಚಿಬೀಳುವ ಜಾತಿ, ಅವತ್ತಿನಿಂದ ಇವತ್ತಿನವರೆಗೂ ಅದರಲ್ಲಿ ಏನೂ ಸುಧಾರಣೆಯಾಗಿಲ್ಲ.

ಹಾಗೆ ಹೆದರಿದವಳೇ ಮುಂದೆ ಅಪ್ಪನ ಪಕ್ಕ ಕುಳಿತು ಆ ಕೆಲಸ ಕಲಿತೆ. ಅಪ್ಪ ಹೆಚ್ಚು ಪಾಠ ಮಾಡುತ್ತಿರಲಿಲ್ಲ. "ಮೊಡವೆ ಮೂರು ದಿನದ ನೆಂಟ್ರು, ತೆಗಿ. ಮಚ್ಚೆ ಮನೆಯವ್ರು, ಬುಡು," ಇಷ್ಟೇ. ಇನ್ನೊಂದು ಕಟ್ಟಳೆ ಮಾತ್ರ ಕಡ್ಡಾಯವಾಗಿತ್ತು. ಆಗೆಲ್ಲ ಗುಂಪು ಫೋಟೊದಿಂದ ಯಾರನ್ನಾದರೂ ತೆಗೆಸಲು ಜನ ಬರುತ್ತಿದ್ದರು. ಪಾಲುದಾರಿಕೆ ಮುರಿದ ವ್ಯಾಪಾರಿಗಳು, ಮಾತು ಬಿಟ್ಟ ಅಣ್ಣತಮ್ಮಂದಿರು. ಬ್ಲೇಡಿನ ತುದಿಯಿಂದ ಆ ಮುಖವನ್ನು ಕೆರೆದು ತೆಗೆಯಬೇಕು. ಕೆರೆಯುವ ಮೊದಲು ಅಪ್ಪ ಸಣ್ಣ ಕುಂಚದಿಂದ ಆ ಮುಖದ ಎರಡೂ ಕಣ್ಣಿಗೆ ಕೆಂಪು ಬಣ್ಣ ಮುಚ್ಚುತ್ತಿದ್ದರು. ಆಮೇಲೆ ತಾವೂ ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದರು. "ಕಣ್ಣು ಬಿಟ್ಕೊಂಡು ನಮ್ಮನ್ನೇ ನೋಡ್ತಿರೋ ಮುಖಾನ ಅಳಿಸ್ಬಾರ್ದು ಕಣಮ್ಮ. ಅವ್ರು ನಮ್ಗೇನು ಮಾಡಿದ್ರು?" ಎನ್ನುತ್ತಿದ್ದರು. ದೇವರ ಚಿತ್ರ ಬರೆಯುವವರು ಕಣ್ಣನ್ನು ಕೊನೆಗೆ ತೆರೆಸುತ್ತಾರಲ್ಲ, ಅದೇ ಲೆಕ್ಕದಲ್ಲಿ ಅಪ್ಪ ಇದನ್ನು ಕಟ್ಟಿಕೊಂಡಿದ್ದರೋ ಏನೋ. ನಾನು ಕೇಳಲಿಲ್ಲ, ಪಾಲಿಸಿದೆ.

ಬಣ್ಣದ ಫಿಲ್ಮು ಬಂದು ಪೆನ್ಸಿಲ್ಲಿನ ಕೆಲಸ ಕಡಿಮೆಯಾಯಿತು. ಅಪ್ಪನೂ ಹೋದರು. ನಾನು ಉದಯಗಿರಿಯಲ್ಲಿ ನಂಜುಂಡಣ್ಣ ಎಂಬುವರ ಸ್ಟುಡಿಯೋದಲ್ಲಿ ಪ್ರಿಂಟುಗಳ ಮೇಲಿನ ಧೂಳಿನ ಚುಕ್ಕಿಗೆ ಬಣ್ಣ ಹಚ್ಚುತ್ತ, ಹಳೆಯ ಕಪ್ಪುಬಿಳುಪು ಫೋಟೊಗಳಿಗೆ ಕೆನ್ನೆಕೆಂಪು ಬಳಿಯುತ್ತ ಇದ್ದೆ. ತೊಂಬತ್ತರ ದಶಕದ ಕೊನೆಯಲ್ಲಿ ಒಂದು ದಿನ ನಂಜುಂಡಣ್ಣ ಆಟೋದಲ್ಲಿ ಕಂಪ್ಯೂಟರ್ ತಂದಿಳಿಸಿದರು. ಅದಕ್ಕೆ ವಿಭೂತಿ ಹಚ್ಚಿ, ಹೂ ಮುಡಿಸಿ, ಮಂಗಳಾರತಿ ಎತ್ತಿ, "ಜಯಮ್ಮ, ಇನ್ಮೇಲೆ ನಿನ್ ಬ್ರಷ್ಷೆಲ್ಲಾ ಇದ್ರೊಳಗೇ ಅದಂತೆ. ಕಲ್ತ್ಕೊಂಡ್ರೆ ಇರು. ಇಲ್ದಿದ್ರೆ ನಾನೇನೂ ಮಾಡಕ್ಕಾಗಲ್ಲ," ಎಂದರು. ಮೂವತ್ತನಾಲ್ಕನೇ ವಯಸ್ಸಿಗೆ ಮತ್ತೆ ಒಂದನೇ ಕ್ಲಾಸು ಶುರುವಾಯಿತು.

ನನ್ನ ಮೇಷ್ಟರು ಶಬಾನಾ. ಸ್ಟುಡಿಯೋದ ಹಿಂದಿನ ಬೀದಿಯ ಹುಡುಗಿ, ವಯಸ್ಸು ಇಪ್ಪತ್ತೋ ಇಪ್ಪತ್ತೊಂದೋ. ಬೆಳಿಗ್ಗೆ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಗ್ರಾಫಿಕ್ಸ್ ಹೇಳಿಕೊಡುತ್ತಿದ್ದಳು, ಮಧ್ಯಾಹ್ನ ನಮ್ಮಲ್ಲಿಗೆ ಬರುತ್ತಿದ್ದಳು. ಮೊದಲ ದಿನ ಅಪ್ಪನ ಒಂದು ಫೋಟೊವನ್ನೇ ಸ್ಕ್ಯಾನ್ ಮಾಡಿ ಪರದೆಗೆ ತಂದಳು. ನನಗೆ ಹೆಮ್ಮೆಯಾಯಿತು. "ಈಗ ನೋಡಿ ಜಯಕ್ಕ," ಎಂದು ಅಪ್ಪನ ಮುಖವನ್ನು ದೊಡ್ಡದು ಮಾಡುತ್ತ ಹೋದಳು. ಮೀಸೆ ಬಂತು, ಮೂಗು ಬಂತು, ಕಣ್ಣು ಬಂತು. ಇನ್ನೂ ದೊಡ್ಡದು ಮಾಡಿದಳು. ಕಣ್ಣು ಹೋಗಿ ಅಲ್ಲಿ ಬರೀ ಬೂದಿ ಬಣ್ಣದ ಚೌಕಗಳು ಉಳಿದವು, ಬಚ್ಚಲುಮನೆಯ ಟೈಲ್ಸ್ ಇದ್ದ ಹಾಗೆ.

"ಅಯ್ಯೋ, ಅಪ್ಪ ಎಲ್ಲಿ?" ಎಂದು ನಿಜವಾಗಿಯೂ ಎದ್ದು ನಿಂತೆ.

"ಇಲ್ಲೇ ಇದಾರಕ್ಕ. ಇದೇ ಅವ್ರು. ಈ ಚೌಕಕ್ಕೆ ಪಿಕ್ಸೆಲ್ ಅಂತಾರೆ. ಕಂಪ್ಯೂಟ್ರಿಗೆ ಅಪ್ಪ ಗೊತ್ತಿಲ್ಲ, ಚೌಕ ಮಾತ್ರ ಗೊತ್ತು."

ಮನೆಗೆ ಹೋದವಳು ಗೋಡೆಯ ಮೇಲಿದ್ದ ಅಪ್ಪನ ಫೋಟೊಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದೆ. ಚೌಕಗಳೇನೂ ಕಾಣಲಿಲ್ಲ. ನನ್ನ ಯಜಮಾನರು ಫ್ಯಾಕ್ಟರಿಯಿಂದ ಬಂದು, "ಏನೇ ಇದು, ಮಾವನೋರ ಹತ್ರ ಗುಟ್ಟು ಹೇಳ್ತಿದೀಯಾ?" ಎಂದರು.

ಎರಡನೇ ಪಾಠ ಬಣ್ಣದ್ದು. ಬಣ್ಣದ ವಿಷಯದಲ್ಲಿ ಈ ಹುಡುಗಿ ನನಗೇನು ಹೇಳಿಕೊಡುತ್ತಾಳೆ ಎಂದು ಸ್ವಲ್ಪ ಸೊಕ್ಕಿನಿಂದಲೇ ಕುಳಿತಿದ್ದೆ. "ಕೆಂಪೂ ಹಸಿರೂ ಬೆರೆಸಿದ್ರೆ ಏನ್ ಬರುತ್ತೆ ಜಯಕ್ಕ?" ಎಂದಳು. "ಕೆಸರು," ಎಂದೆ. ಇಪ್ಪತ್ತು ವರ್ಷದ ಅನುಭವದ ಮಾತು. ಅವಳು ಪರದೆಯ ಎರಡು ಗೆರೆಗಳ ಮೇಲಿದ್ದ ಗುರುತುಗಳನ್ನು ಬಲತುದಿಗೆ ಎಳೆದಳು, ಕೆಂಪು ಪೂರ್ತಿ, ಹಸಿರು ಪೂರ್ತಿ. ಪರದೆಯ ಮೇಲೆ ಸೇವಂತಿಗೆ ಹೂವಿನಂಥ ಹಳದಿ ಬಂದು ಕುಳಿತಿತು. ನಾನು ದಂಗಾದೆ. ನಿಮ್ಮ ಕಂಪ್ಯೂಟರ್ ಸುಳ್ಳು ಹೇಳುತ್ತಿದೆ ಎಂದೆ. ಅವಳು ನೀಲಿಯನ್ನೂ ಪೂರ್ತಿ ಎಳೆದಳು. ಎಲ್ಲ ಸೇರಿ ಅಪ್ಪಟ ಬಿಳಿಯಾಯಿತು.

"ಅಕ್ಕಾ, ನೀವು ಬೆರೆಸ್ತಿದ್ದದ್ದು ಬಣ್ಣ. ಇಲ್ಲಿ ಬೆರೆಸೋದು ಬೆಳಕು."

ನಂಬದೆ ಅಪ್ಪನ ಹಳೆಯ ಭೂತಕನ್ನಡಿ ತಂದು ಪರದೆಯ ಬಿಳಿಯ ಮೇಲೆ ಇಟ್ಟು ನೋಡಿದೆ. ಅಲ್ಲಿ ಬಿಳಿ ಎಂಬುದೇ ಇರಲಿಲ್ಲ! ಕೆಂಪು, ಹಸಿರು, ನೀಲಿ ಚುಕ್ಕಿಗಳು ಸಾಲುಸಾಲಾಗಿ ಉರಿಯುತ್ತಿದ್ದವು. ಮೈ ಜುಮ್ಮೆಂದಿತು. ಇಷ್ಟು ವರ್ಷ ಬಿಳಿ ಬಿಳಿ ಎಂದು ಯಾವುದನ್ನು ನಂಬಿದ್ದೆನೋ ಎಂಬ ಅನುಮಾನದಲ್ಲಿ ಆ ವಾರವೆಲ್ಲ ಮನೆಯ ಹಾಲು, ಉಪ್ಪು, ಯಜಮಾನರ ಪಂಚೆ ಎಲ್ಲಕ್ಕೂ ಭೂತಕನ್ನಡಿ ಹಿಡಿದೆ. ಪಂಚೆಯಲ್ಲಿ ಸಾರಿನ ಕಲೆ ಬಿಟ್ಟು ಬೇರೇನೂ ಸಿಕ್ಕಲಿಲ್ಲ.

ಮೂರನೆಯದು ಲೇಯರ್. ಇದನ್ನು ನಾನು ಸರಿಯಾಗಿ ಕಲಿಯಲಿಲ್ಲ, ಕಲಿತೆ ಎಂದುಕೊಂಡೆ. ಚಿತ್ರದ ಮೇಲೆ ಒಂದು ಗಾಜಿನ ಹಾಳೆ ಇಟ್ಟು ಅದರ ಮೇಲೆ ಬರೆದಂತೆ ಎಂದು ಶಬಾನಾ ವಿವರಿಸಿದಳು. ಬಲಗಡೆಯ ಒಂದು ಪುಟ್ಟ ಪಟ್ಟಿಯಲ್ಲಿ ಆ ಹಾಳೆಗಳ ಹೆಸರು, ಪ್ರತಿ ಹೆಸರಿನ ಪಕ್ಕ ಒಂದು ಪುಟಾಣಿ ಕಣ್ಣಿನ ಚಿತ್ರ ಇರುತ್ತಿತ್ತು. ಆ ಕಣ್ಣಿನ ವಿಚಾರ ಹೇಳಬೇಕೆನ್ನುವಷ್ಟರಲ್ಲಿ ಅವಳ ಮನೆಯಿಂದ ಯಾರೋ ಕರೆಯಲು ಬಂದರು, "ನಾಳೆ ಹೇಳ್ತೀನಿ ಅಕ್ಕ," ಎಂದು ಹೊರಟುಹೋದಳು. ಅವಳು ಮರೆತಳು, ನಾನು ಕೇಳಲಿಲ್ಲ. ಕಣ್ಣು ಎಂದರೆ ಏನೆಂದು ನನಗೆ ಗೊತ್ತಿಲ್ಲವೇ? ಅಪ್ಪನ ಮಗಳು ನಾನು!

ಎರಡು ಸಾವಿರದ ಒಂದೋ ಎರಡೋ ಇರಬೇಕು, ಗುರುಸಿದ್ದಪ್ಪ ಮೇಷ್ಟ್ರು ಸ್ಟುಡಿಯೋಗೆ ಬಂದರು. ಇಲವಾಲದ ಕಡೆಯವರು, ಹೈಸ್ಕೂಲಿನಲ್ಲಿ ಇಂಗ್ಲಿಷು ಹೇಳಿಕೊಟ್ಟು ರಿಟೈರಾಗಿದ್ದವರು. ಹಣೆಯ ಮೇಲೆ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಷರ್ಟು. ಹೂಟಗಳ್ಳಿಯ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದ್ದರು. ಗೃಹಪ್ರವೇಶಕ್ಕೆ ಮಠದ ಸ್ವಾಮಿಗಳು ಬರುವವರಿದ್ದರು. ಮೇಷ್ಟ್ರು ಕವರಿನಿಂದ ಒಂದು ಫೋಟೊ ತೆಗೆದು ಮೇಜಿನ ಮೇಲಿಟ್ಟರು. ಕೆಲವು ವರ್ಷಗಳ ಹಿಂದೆ ನಂಜುಂಡಣ್ಣನೇ ತೆಗೆದಿದ್ದ ಸಂಸಾರದ ಫೋಟೊ. ಕುರ್ಚಿಯಲ್ಲಿ ಮೇಷ್ಟ್ರು ಮತ್ತು ಅವರ ಹೆಂಡತಿ ಪಾರ್ವತಮ್ಮ, ಹಿಂದೆ ಇಬ್ಬರು ಗಂಡುಮಕ್ಕಳು, ಸೊಸೆ, ಬಲತುದಿಯಲ್ಲಿ ತಾಯಿಯ ಹೆಗಲ ಮೇಲೆ ಕೈಯಿಟ್ಟು ನಿಂತ ಮಗಳು.

"ಇದನ್ನ ಹಾಲಿನ ಗೋಡೆಗೆ ಹಾಕೋ ಸೈಜಿಗೆ ಮಾಡ್ಕೊಡಿ. ಇವಳು ಬೇಡ," ಎಂದು ಬೆರಳನ್ನು ಫೋಟೊಗೆ ತಾಗಿಸದೆ ಮೇಲಿಂದಲೇ ತೋರಿಸಿದರು.

ನಂಜುಂಡಣ್ಣ ಆಮೇಲೆ ಹೇಳಿದರು. ಮಗಳು ತನ್ನ ಆಫೀಸಿನ ಹುಡುಗನನ್ನು ಮದುವೆಯಾಗಿದ್ದಳು. ಹುಡುಗನ ಮನೆಯವರು ಬೌದ್ಧರು, ಒಂದು ತಲೆಮಾರಿನ ಹಿಂದೆ ಹಳ್ಳಿಯ ಹೊರಕೇರಿಯಿಂದ ಬಂದವರು. ಮೇಷ್ಟ್ರು ಎರಡು ವರ್ಷದಿಂದ ಮಗಳ ಮುಖ ನೋಡಿರಲಿಲ್ಲ. ಮನೆಯಲ್ಲಿ ಅವಳ ಹೆಸರು ಎತ್ತುವಂತಿರಲಿಲ್ಲ.

ನಿಜ ಹೇಳುತ್ತೇನೆ, ಆಗ ನನಗೆ ಆ ಹುಡುಗಿಯ ಬಗ್ಗೆ ಏನೂ ಅನ್ನಿಸಲಿಲ್ಲ. ಕಂಪ್ಯೂಟರಿನಲ್ಲಿ ನನ್ನೊಬ್ಬಳಿಗೇ ಬಿಟ್ಟ ಮೊದಲ ಕೆಲಸ ಅದು, ಕೈ ತುರಿಸುತ್ತಿತ್ತು. ಇದರಲ್ಲಿ ಗೆದ್ದರೆ ನನ್ನ ಕೆಲಸ ಉಳಿಯುತ್ತದೆ ಎಂಬುದಷ್ಟೇ ತಲೆಯಲ್ಲಿತ್ತು. ಸ್ಕ್ಯಾನ್ ಮಾಡಿ, ಮೇಲೊಂದು ಹೊಸ ಲೇಯರ್ ಹಾಕಿ, ಫೋಟೊದ ಎಡಗಡೆಯ ಮೂಲೆಯಲ್ಲಿದ್ದ ಕ್ರೋಟನ್ ಗಿಡದ ಕುಂಡದಿಂದ ಎಲೆ ಎಲೆ ಎತ್ತಿಕೊಂಡು ಬಂದು ಅವಳ ಮೇಲೆ ಜೋಡಿಸಿದೆ. ಸೀರೆ ಮುಚ್ಚಿತು, ಸೊಂಟ ಮುಚ್ಚಿತು. ತಾಯಿಯ ಹೆಗಲ ಮೇಲಿನ ಕೈ ಮಾತ್ರ ಬಹಳ ಸತಾಯಿಸಿತು. ಅದನ್ನು ತೆಗೆದರೆ ಕೆಳಗೆ ಪಾರ್ವತಮ್ಮನ ಸೀರೆಯ ಅಂಚು ಬರಬೇಕು. ಒಂದೊಂದೇ ಬೆರಳು ಮುಚ್ಚುತ್ತ ಬಂದಾಗ ಬೆರಳುಗಳು ಸೀರೆಯನ್ನು ಸುಮ್ಮನೆ ತಾಗಿಲ್ಲ, ಸ್ವಲ್ಪ ಒತ್ತಿ ಹಿಡಿದಿವೆ ಎಂದು ಗೊತ್ತಾಯಿತು. ಎದ್ದುಹೋಗಿ ಕಾಫಿ ಕುಡಿದು ಬಂದೆ. ಬಂದು ಉಳಿದ ಬೆರಳುಗಳನ್ನೂ ಮುಚ್ಚಿದೆ.

ಕೊನೆಗೆ ಮುಖ. ಅದನ್ನೂ ಎಲೆಗಳಿಂದ ಮುಚ್ಚಿ ಹಿಂದಕ್ಕೆ ಸರಿದು ನೋಡಿದೆ. ಯಾರೂ ಗುರುತು ಹಿಡಿಯುವಂತಿರಲಿಲ್ಲ. ಹೊರಗೆ ಸಂಜೆಯಾಗಿತ್ತು. ತಂಗಿಯ ಸೀಮಂತಕ್ಕೆಂದು ಚಾಮರಾಜನಗರದ ಬಸ್ಸು ಹಿಡಿಯಬೇಕು. ಅದೇ ಹೊತ್ತಿಗೆ ಕರೆಂಟು ಹೋಗಿ ಯುಪಿಎಸ್ ಕುಯ್ ಕುಯ್ ಎನ್ನತೊಡಗಿತು. ಆ ಗಾಬರಿಯಲ್ಲಿ ನೆನಪಾಯಿತು, ಕಣ್ಣು! ಅವಳ ಕಣ್ಣನ್ನು ಮುಚ್ಚದೆಯೇ ಮುಖ ಅಳಿಸಿಬಿಟ್ಟಿದ್ದೆ. ಅಪ್ಪ ಕಟ್ಟಳೆ ಮಾಡಿದ್ದ ಒಂದೇ ಒಂದು ವಿಷಯ. ಪಟ್ಟಿಯಲ್ಲಿ ನಾನು ಕೆಲಸ ಮಾಡಿದ ಲೇಯರಿನ ಪಕ್ಕದಲ್ಲೇ ಆ ಪುಟಾಣಿ ಕಣ್ಣು ಪಿಳಿಪಿಳಿ ನೋಡುತ್ತಿತ್ತು. ಓಹೋ, ಇದಕ್ಕೇ ಇಟ್ಟಿದ್ದಾರೆ, ಕಂಪ್ಯೂಟರ್ ಮಾಡಿದವರಿಗೂ ನಮ್ಮಪ್ಪನ ರೀತಿ ಗೊತ್ತಿದೆ ಎಂದು ಸಮಾಧಾನವಾಯಿತು. ಮೌಸಿನ ಬಾಣವನ್ನು ಆ ಕಣ್ಣಿನ ಮೇಲಿಟ್ಟೆ. ನಾನೂ ಕಣ್ಣು ಮುಚ್ಚಿಕೊಂಡು ಒತ್ತಿದೆ. "ತಪ್ಪಾಯ್ತು ಕಣಮ್ಮ," ಎಂದು ಮನಸ್ಸಿನಲ್ಲಿ ಹೇಳಿಕೊಂಡು, ಶಬಾನಾ ಕಲಿಸಿದ್ದಂತೆ ಬೆರಳಿನ ಅಂದಾಜಿನಲ್ಲೇ ಸೇವ್ ಮಾಡುವ ಕೀಲಿಗಳನ್ನು ಒತ್ತಿದೆ. ಒಳಗೆ ಕರಕರ ಸದ್ದಾಗಿ ನಿಂತಿತು. ಕಣ್ಣು ಬಿಡುವಷ್ಟರಲ್ಲಿ ಯುಪಿಎಸ್ ಸತ್ತು ಪರದೆ ಕಪ್ಪಾಗಿತ್ತು. ಚೀಲ ಎತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದೆ.

ಮಾರನೆಯ ದಿನ ನಂಜುಂಡಣ್ಣ ಆ ಫೈಲನ್ನು ತೆರೆದೂ ನೋಡದೆ ಸಿಡಿಗೆ ಹಾಕಿ ಬೆಂಗಳೂರಿನ ಲ್ಯಾಬಿಗೆ ಕಳಿಸಿದರು. ದೊಡ್ಡ ಪ್ರಿಂಟು ಬಸ್ಸಿನ ಪಾರ್ಸೆಲ್‌ನಲ್ಲಿ ಬಂತು. ಕಟ್ಟು ಹಾಕುವವನು ಅಲ್ಲಿಂದಲೇ ಎತ್ತಿಕೊಂಡು ಹೋಗಿ ಫ್ರೇಮು ಹಾಕಿ, ಕಾಗದ ಸುತ್ತಿ, ನೇರವಾಗಿ ಮೇಷ್ಟ್ರ ಹೊಸಮನೆಗೆ ತಲುಪಿಸಿದ. ಫೋಟೊದಲ್ಲಿ ಎಷ್ಟು ಜನ ಇರಬೇಕು ಎಂದು ಗೊತ್ತಿದ್ದವರು ಯಾರೂ ಅದನ್ನು ನೋಡಲಿಲ್ಲ.

ಗೃಹಪ್ರವೇಶದ ದಿನ ನಾನು ತಂಗಿಯ ಊರಿನಿಂದ ನೇರವಾಗಿ ಹೂಟಗಳ್ಳಿಗೆ ಹೋದೆ. ನಂಜುಂಡಣ್ಣ ಆಗಲೇ ಬಂದು ಚಪ್ಪರದಲ್ಲಿ ಕುಳಿತಿದ್ದರು. ಪಾದಪೂಜೆ ಮುಗಿದು ಸ್ವಾಮಿಗಳು ಹಾಲಿನಲ್ಲಿ ಕುಳಿತಿದ್ದರು. ನೆಂಟರೆಲ್ಲ ಕಿಕ್ಕಿರಿದಿದ್ದರು. ದೊಡ್ಡ ಮಗ ಗೋಡೆಯ ಮೊಳೆಗೆ ಫೋಟೊ ತಗುಲಿಸಿ, ಸುತ್ತಿದ್ದ ಕಾಗದವನ್ನು ಪರ್ರನೆ ಹರಿದ. ನಾನು ಹೊಗಳಿಸಿಕೊಳ್ಳಲು ಸಿದ್ಧಳಾಗಿ ಸೆರಗು ಸರಿಮಾಡಿಕೊಂಡು ಮುಂದೆ ಬಂದೆ.

ಗೋಡೆಯ ಮೇಲೆ ಅವಳಿದ್ದಳು. ಇದ್ದಳು ಅಂದರೆ, ಪೂರ್ತಿ ಇದ್ದಳು. ಒಂದು ಎಲೆಯೂ ಇಲ್ಲ. ಅಷ್ಟು ದೊಡ್ಡ ಸೈಜಿನಲ್ಲಿ, ತಾಯಿಯ ಹೆಗಲು ಒತ್ತಿ ಹಿಡಿದುಕೊಂಡು, ಎರಡೂ ಕಣ್ಣು ಬಿಟ್ಟುಕೊಂಡು ಹಾಲಿನಲ್ಲಿದ್ದ ಎಲ್ಲರನ್ನೂ ನೋಡುತ್ತಿದ್ದಳು. ಎಲೆ ಎಲೆಯಾಗಿ, ಬೆರಳು ಬೆರಳಾಗಿ ನಾನೇ ಮುಚ್ಚಿದ ಹುಡುಗಿ! ದೇವರಾಣೆಗೂ ನನಗೆ ಆ ಕ್ಷಣ ಬೇರೆ ಏನೂ ಹೊಳೆಯಲಿಲ್ಲ, ಇವಳು ಎದ್ದು ಬಂದಿದ್ದಾಳೆ ಎಂದೇ ಅನ್ನಿಸಿತು. ಪಕ್ಕದ ಕಂಬ ಹಿಡಿದುಕೊಂಡೆ. ಅದಕ್ಕೆ ಅವತ್ತು ಬೆಳಿಗ್ಗೆಯಷ್ಟೇ ಅರಿಶಿನ ಬಳಿದಿದ್ದರು, ಅಂಗೈಯೆಲ್ಲ ಹಳದಿಯಾಯಿತು.

ಮೇಷ್ಟ್ರ ಮುಖ ಬಿಳಿಚಿತು. ನೆಂಟರು ಪಿಸುಪಿಸು ಎಂದರು, ಆಮೇಲೆ ಅದೂ ನಿಂತಿತು. ಏನೂ ಗೊತ್ತಿಲ್ಲದ ಸ್ವಾಮಿಗಳು ತಲೆಯೆತ್ತಿ ನೋಡಿ, "ಈ ಮಗಳು ಎಲ್ಲಮ್ಮ, ಕಾಣಿಸ್ತಿಲ್ಲ? ಬಂದಿಲ್ವಾ?" ಎಂದು ಪಾರ್ವತಮ್ಮನನ್ನು ಕೇಳಿದರು.

ದೊಡ್ಡ ಮಗ ಏನೋ ಹೇಳಲು ಬಾಯಿ ತೆರೆದ. ಪಾರ್ವತಮ್ಮ ಅವನನ್ನು ದಾಟಿಕೊಂಡು ಮುಂದೆ ಬಂದರು.

"ಇಲ್ಲ ಬುದ್ಧಿ. ನಾವು ಕರ್ದಿಲ್ಲ," ಎಂದರು.

ಅಷ್ಟು ಜನರ ನಡುವೆ, ಅಷ್ಟು ಚಿಕ್ಕ ದನಿಯಲ್ಲಿ ಹೇಳಿದ್ದು ಹೊರಗಿನ ಚಪ್ಪರದವರಿಗೂ ಕೇಳಿಸಿತು. ಸ್ವಾಮಿಗಳು ಸ್ವಲ್ಪ ಹೊತ್ತು ಫೋಟೊವನ್ನೇ ನೋಡಿದರು. "ಓ, ಹಂಗಾ," ಎಂದು ಪಕ್ಕದಲ್ಲಿದ್ದ ಹಣ್ಣಿನ ತಟ್ಟೆಯನ್ನು ಹತ್ತಿರ ಎಳೆದುಕೊಂಡು ಮಕ್ಕಳಿಗೆ ಒಂದೊಂದೇ ಬಾಳೆಹಣ್ಣು ಕೊಡತೊಡಗಿದರು. ನಾನು ಊಟಕ್ಕೂ ಕೂರದೆ ಹಿಂಬಾಗಿಲಿನಿಂದ ಬಂದುಬಿಟ್ಟೆ.

"ನನ್ನ ಮುಳುಗಿಸ್ಬುಟ್ಟೆ ಕಣಮ್ಮ, ಪೂರ್ತಿ ಮುಳುಗಿಸ್ಬುಟ್ಟೆ," ಎಂದು ನಂಜುಂಡಣ್ಣ ಸ್ಟುಡಿಯೋದಲ್ಲಿ ತಲೆಗೆ ಕೈಹೊತ್ತು ಕುಳಿತರು. ನಾನು ಅಳುತ್ತ ಶಬಾನಾಳನ್ನು ಕರೆತಂದೆ. ಅವಳು ಫೈಲು ತೆರೆದಳು. ಪರದೆಯ ಮೇಲೆ ಹುಡುಗಿ ಹಾಗೇ ನಿಂತಿದ್ದಳು. ಪಟ್ಟಿಯಲ್ಲಿ ಖಾಲಿಯಿದ್ದ ಜಾಗವನ್ನು ಶಬಾನಾ ಒತ್ತಿದಳು, ಪುಟಾಣಿ ಕಣ್ಣು ಬಂತು, ಹುಡುಗಿ ಮಾಯ, ಕ್ರೋಟನ್ ಗಿಡ ಹಾಜರ್. ಮತ್ತೆ ಒತ್ತಿದಳು. ಗಿಡ ಮಾಯ, ಹುಡುಗಿ ಹಾಜರ್.

"ಜಯಕ್ಕ, ಈ ಕಣ್ಣು ಯಾಕೆ ಮುಚ್ಚಿದ್ರಿ?"

ಅಪ್ಪನ ಕಟ್ಟಳೆಯನ್ನು ಹೇಳಿದೆ. ಶಬಾನಾ ದುಪಟ್ಟದಲ್ಲಿ ಬಾಯಿ ಮುಚ್ಚಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಅಕ್ಕಾ, ನೀವು ಮುಚ್ಚಿದ್ದು ಆ ಹುಡ್ಗಿ ಕಣ್ಣಲ್ಲ. ಕ್ರೋಟನ್ ಗಿಡದ ಕಣ್ಣು! ಕಣ್ಣು ಮುಚ್ಚಿದ್ರೆ ಆ ಲೇಯರ್ ಕಾಣಲ್ಲ."

"ಮತ್ತೆ ಅವಳನ್ನ ನಾನು ಅಳಿಸಿದ್ನಲ್ಲ?"

"ಎಲ್ಲಿ ಅಳಿಸಿದ್ರಿ? ಮೇಲೆ ಮುಚ್ಚಿದ್ರಿ ಅಷ್ಟೇ. ಕೆಳಗೆ ಹಂಗೇ ಇದ್ರು."

ನಮ್ಮ ಕೆಲಸದಲ್ಲಿ ಮುಚ್ಚಿದ್ದು ಮುಗಿಯಿತು. ಕೆರೆದದ್ದು ಹೋಯಿತು. ಆ ಭಯಕ್ಕೇ ಅಪ್ಪ ಕಣ್ಣು ಮುಚ್ಚುತ್ತಿದ್ದದ್ದು. ಇದರಲ್ಲಿ ಮುಚ್ಚಿದವರು ಕೆಳಗೆ ಉಸಿರಾಡಿಕೊಂಡೇ ಇರುತ್ತಾರೆ ಎಂದರೆ ಯಾರು ನಂಬುತ್ತಾರೆ? ಕೆಂಪೂ ಹಸಿರೂ ಸೇರಿ ಹಳದಿಯಾದದ್ದಕ್ಕಿಂತ ದೊಡ್ಡ ಆಘಾತ ನನಗೆ ಇದೇ ಆಯಿತು.

ಮೂರನೆಯ ದಿನ ಮೇಷ್ಟ್ರು ಬಂದರು. ಫೋಟೊವನ್ನು ಹಾಸಿಗೆಯ ಹೊದಿಕೆಯಲ್ಲಿ ಸುತ್ತಿ ಆಟೋದಲ್ಲಿ ತಂದಿದ್ದರು. ಕೂಗಾಡುತ್ತಾರೆ ಎಂದುಕೊಂಡಿದ್ದೆವು, ಕೂಗಾಡಲಿಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. "ನಾನು ಇಲ್ಲೇ ಕೂತ್ಕೋತೀನಿ. ನನ್ನ ಎದುರಿಗೇ ಸರಿ ಮಾಡಿ," ಎಂದು ನನ್ನ ಕುರ್ಚಿಯ ಪಕ್ಕ ಸ್ಟೂಲು ಎಳೆದುಕೊಂಡು ಕುಳಿತರು.

ಈ ಸಲ ಶಬಾನಾ ಬೇರೆ ರೀತಿ ಮಾಡಿಟ್ಟಿದ್ದಳು. ಹುಡುಗಿಯನ್ನು ಕತ್ತರಿಸಿ ಪ್ರತ್ಯೇಕ ಲೇಯರಿನಲ್ಲಿಟ್ಟು, ಅವಳಿದ್ದ ಜಾಗಕ್ಕೆ ಗೋಡೆ, ಗಿಡ, ಸೀರೆಯ ಅಂಚು ಎಲ್ಲ ತುಂಬಿದ್ದಳು. ನಾನು ಮಾಡಬೇಕಾದದ್ದು ಎರಡೇ ಕೆಲಸ. ಹುಡುಗಿಯ ಲೇಯರಿನ ಕಣ್ಣು ಮುಚ್ಚುವುದು, ಆಮೇಲೆ ಎಲ್ಲ ಲೇಯರುಗಳನ್ನೂ ಒಂದಾಗಿ ಬೆಸೆಯುವುದು. ಬೆಸೆದು ಸೇವ್ ಮಾಡಿದ ಮೇಲೆ ಕೆಳಗೆ ಯಾರೂ ಇರುವುದಿಲ್ಲ, ಇನ್ನು ಭಯವಿಲ್ಲ ಎಂದಿದ್ದಳು. ಕಣ್ಣು ಮುಚ್ಚಿದೆ, ಹುಡುಗಿ ಹೋದಳು. ಮೇಷ್ಟ್ರು ಹೂಂ ಎಂದರು. ಬೆಸೆಯುವ ಆಜ್ಞೆ ಕೊಟ್ಟೆ. ಪರದೆಯ ನಡುವೆ ಠಣ್ಣೆಂದು ಒಂದು ಚೌಕ ಬಂದು ನಿಂತಿತು. ಒಳಗೆ ಇಂಗ್ಲಿಷಿನಲ್ಲಿ ಒಂದು ಸಾಲು, ಕೆಳಗೆ ಎರಡು ಗುಂಡಿಗಳು.

ಶಬಾನಾ ಇದನ್ನು ಹೇಳಿರಲಿಲ್ಲ. ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ಮೇಷ್ಟ್ರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಕ್ಲಾಸಿನಲ್ಲಿ ಓದುವಂತೆ ಬಿಡಿಸಿ ಬಿಡಿಸಿ ಓದಿದರು. "ಡಿಸ್ಕಾರ್ಡ್ ಹಿಡನ್ ಲೇಯರ್ಸ್?"

"ಹಂಗಂದ್ರೆ ಏನ್ ಸಾರ್?"

ಮೂವತ್ತು ವರ್ಷ ಇಂಗ್ಲಿಷು ಹೇಳಿಕೊಟ್ಟವರು ಆ ಸಾಲನ್ನು ಇನ್ನೊಂದು ಸಲ ಓದಿಕೊಂಡರು. "ಕಾಣದ ಹಾಗೆ ಇಟ್ಟಿರೋದನ್ನ ಎಸೆದ್ಬಿಡ್ಲಾ ಅಂತ ಕೇಳ್ತಿದೆ," ಎಂದರು. ಪರದೆಯ ಹತ್ತಿರಕ್ಕೆ ಬಗ್ಗಿ, "ಇನ್ನೂ ಒಳಗೆ ಇದಾಳಾ?" ಎಂದರು.

"ಇದಾರೆ ಸಾರ್. ಆ ಕಡೆ ಗುಂಡಿ ಒತ್ತಿದ್ರೆ ಹೋಗ್ತಾರೆ. ಈ ಕಡೆ ಒತ್ತಿದ್ರೆ ಇರ್ತಾರೆ."

"ಹೋದ್ರೆ?"

"ಹೋದ್ರೆ ಹೋದಂಗೇ ಸಾರ್. ಆಮೇಲೆ ನನ್ ಕೈಲಿ ತರಕ್ಕಾಗಲ್ಲ."

ಒತ್ತಬೇಕಾದವಳು ನಾನು. ನನ್ನ ಕೆಲಸ ಉಳಿಯುವುದೂ ಆ ಗುಂಡಿಯಲ್ಲೇ ಇತ್ತು. ಆದರೆ ಆ ಬೆರಳುಗಳನ್ನು ಒಂದು ಸಲ ಮುಚ್ಚಿದವಳು ನಾನು, ಇನ್ನೊಂದು ಸಲ ನನ್ನಿಂದ ಆಗಲಿಲ್ಲ. ನನಗೇ ಆಶ್ಚರ್ಯವಾಗುವಂತೆ ಮೌಸನ್ನು ಅವರ ಕಡೆಗೆ ತಳ್ಳಿ, "ನೀವೇ ಒತ್ತಿ ಸಾರ್," ಎಂದುಬಿಟ್ಟೆ. ಕೌಂಟರಿನ ಹಿಂದೆ ನಂಜುಂಡಣ್ಣ ಗಾಬರಿಯಿಂದ ಎದ್ದು ನಿಂತರು.

ಮೇಷ್ಟ್ರು ಮೌಸನ್ನು ಹಿಡಿದದ್ದು ಅದೇ ಮೊದಲು. ಬಾಣದ ಗುರುತು ಪರದೆಯ ತುಂಬ ಓಡಾಡಿತು, ಛಾವಣಿಗೆ ಹತ್ತಿತು, ಮೂಲೆಗೆ ಹೋಗಿ ಅವಿತುಕೊಂಡಿತು. ಹೊರಗೆ ಗ್ಯಾರೇಜಿನವರು ತಗಡು ಬಡಿಯುತ್ತಿದ್ದರು. ಇಷ್ಟು ಇಂಗ್ಲಿಷು ಬಲ್ಲವರು, ಎರಡೂ ಗುಂಡಿಗಳ ಮೇಲೆ ಬರೆದದ್ದನ್ನು ಓದಬಲ್ಲವರು, ನನ್ನ ಕಡೆ ತಿರುಗದೆ ಕೇಳಿದರು. "ಬೇಡ ಅನ್ನೋದು ಯಾವುದಮ್ಮ?"

ತೋರಿಸಿದೆ. ಒತ್ತಿದರು. ಚೌಕ ಹೋಯಿತು. ಬೇರೇನೂ ಆಗಲಿಲ್ಲ.

ಆಮೇಲೆ ಎದ್ದು, ಹೊದಿಕೆಯಲ್ಲಿ ಸುತ್ತಿದ್ದ ಫೋಟೊ ಬಿಚ್ಚದೆ ಹಾಗೆಯೇ ಬಗಲಿಗೆ ಏರಿಸಿಕೊಂಡರು. "ಇದು ಹಿಂಗೇ ಇರ್ಲಿ. ಇದ್ರದ್ದೇ ಒಂದು ಚಿಕ್ಕ ಕಾಪಿ ಹಾಕಿ ಪೋಸ್ಟ್ ಮಾಡ್ಬುಡಮ್ಮ. ಅವಳ ಹತ್ರ ಇಲ್ಲ," ಎಂದರು.

"ಯಾವ ಅಡ್ರೆಸ್ಸಿಗೆ ಸಾರ್? ಅಮ್ಮಾವ್ರನ್ನ ಕೇಳಿ ಬರ್ಕೊ..." ಎನ್ನುತ್ತ ನಾನು ಕೌಂಟರಿನ ಮೇಲಿದ್ದ ಕವರನ್ನು ಮುಂದೆ ಇಟ್ಟೆ. ಎರಡು ವರ್ಷ ಮುಖ ನೋಡದವರಿಗೆ ಅಡ್ರೆಸ್ಸು ಎಲ್ಲಿಂದ ಬರಬೇಕು? ಮೇಷ್ಟ್ರು ಪೆನ್ನು ತೆಗೆದುಕೊಂಡರು. ಮಗಳ ಹೆಸರು ಬರೆದರು, ಕೇರಾಫ್ ಎಂದು ಅಳಿಯನ ಹೆಸರು ಬರೆದರು, ಮನೆ ನಂಬರು, ಕ್ರಾಸು, ಬಡಾವಣೆ, ಕೊನೆಗೆ ಪಿನ್‌ಕೋಡಿನ ಆರೂ ಅಂಕಿ, ಎಲ್ಲೂ ನಿಲ್ಲದೆ, ಎಲ್ಲೂ ತಪ್ಪದೆ, ಯಾವ ಚೀಟಿಯನ್ನೂ ನೋಡದೆ ಬರೆದು ಮುಗಿಸಿದರು.